ಆರು ಇಂಚು

ಗ್ಯಾರೇಜಿನ ಶೆಡ್ಡಿನ ನಡುವೆ ಪಿಕಪ್ ನಿಂತಿತ್ತು. ಕಳಚಿದ ನಾಲ್ಕು ಹಳೆಯ ಚಕ್ರಗಳು ಗೋಡೆಗೊರಗಿದ್ದವು. ಹೊಸ ಚಕ್ರಗಳ ಕಪ್ಪಿನ ಮೇಲೆ ಇನ್ನೂ ಧೂಳು ಕೂತಿರಲಿಲ್ಲ. ಚಾಲಕನ ಪಕ್ಕದ ಸೀಟಿನಲ್ಲಿ, ಹನ್ನೆರಡು ವರ್ಷ ಇದ್ದ ಜಾಗದಲ್ಲೇ, ಗಾಡಿಯ ಯಜಮಾನನ ಹೆಂಡತಿಯ ಬೆನ್ನಿನ ಗುಳಿಯನ್ನು ಹೊತ್ತ ಪುಟ್ಟ ದಿಂಬು ಇತ್ತು.

ಮೇಸ್ತ್ರಿ, ಗಾಡಿ ಎತ್ತರಿಸಲು ಹಾಕಿದ ಹೊಸ ಸ್ಪ್ರಿಂಗಿನ ಕೊನೆಯ ಬೋಲ್ಟು ಬಿಗಿದು ಎದ್ದ. ಎತ್ತರಿಸಿದ ಗಾಡಿಯಲ್ಲಿ ಓಡಾಡುವವರೆಲ್ಲ ಒಮ್ಮೆ ಹತ್ತಿ ಕೂರದೆ ಅವನು ಬೀಗದ ಕೈ ಕೊಟ್ಟವನಲ್ಲ.

"ಆರು ಇಂಚು ಏರಿದೆ. ಅಕ್ಕಾ, ನೀವೂ ಒಂದ್ಸಲ ಹತ್ತಿ ನೋಡಿ. ಬೇಕಿದ್ರೆ ಮೆಟ್ಟಿಲು ಹಾಕ್ತೀನಿ."

ಆಕೆ ಊರುಗೋಲನ್ನು ಗಾಡಿಗೆ ಒರಗಿಸಿ, ತೆರೆದ ಬಾಗಿಲ ಅಂಚು ಹಿಡಿದು ಕಾಲೆತ್ತಿದಳು. ಮಂಡಿ ಅರ್ಧಕ್ಕೇ ನಿಂತುಬಿಟ್ಟಿತು.

"ಮೆಟ್ಟಿಲು ಹಾಕಿದ್ರೆ ಗಾಡಿ ಲಕ್ಷಣವೇ ಕೆಟ್ಟುಹೋಗುತ್ತೆ, ಬಿಡಪ್ಪ," ಎಂದು ಗಂಡ ನಕ್ಕ. "ಈ ಕಾಲಿಟ್ಕೊಂಡು ಇವಳು ಇನ್ನೆಲ್ಲಿಗೆ ಬರ್ತಾಳೆ?"

ಮೇಸ್ತ್ರಿ ತಲೆ ತಗ್ಗಿಸಿ, ಒರೆಸಿ ಮುಗಿದಿದ್ದ ಕೈಯನ್ನೇ ಮತ್ತೆ ಒರೆಸಿಕೊಂಡ.

ಆಕೆ ಎತ್ತಿದ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಳು. "ನನಗೆ ಎಟುಕಲ್ಲ. ಆ ದಿಂಬು ಒಂದನ್ನ ಇಳಿಸಿಕೊಡಿ," ಎಂದಳು ಗಂಡನಿಗೆ.

ಅವನು ಇಳಿಸಿಕೊಟ್ಟ. ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು, ಊರುಗೋಲೂರಿ, ಆಕೆ ಒಬ್ಬಳೇ ಶೆಡ್ಡಿನಿಂದ ಹೊರನಡೆದಳು. ಹಿಂದೆ ತಗಡಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.