ಬೆಳಿಗ್ಗೆ ನುಡಿಯದ ಮೌತ್ ಆರ್ಗನ್

ಪಿನ್ನಿನ ತುದಿಯಿಂದ ಎತ್ತುತ್ತಿದ್ದಂತೆ ಮೌತ್ ಆರ್ಗನ್ನಿನೊಳಗೆ ಸ್ವರ ಹೊರಡಿಸುವ ತೆಳು ಹಿತ್ತಾಳೆ ರೀಡು ಟಿಕ್ಕೆಂದು ಮುರಿದು ಆಶಾರಾಣಿಯ ಅಂಗೈಗೆ ಬಿತ್ತು. ಹಾಳಾದ್ದು! ಬಿಸಿಲೇರಿದ ಮೇಲೆ ಚೆನ್ನಾಗಿಯೇ ನುಡಿಯುತ್ತಿತ್ತು; ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ಮಾತ್ರ ಉಸಿರೇ ಎತ್ತುತ್ತಿರಲಿಲ್ಲ. ಅದಕ್ಕೇ ದಿನಾ ಮುಚ್ಚಳ ಬಿಚ್ಚಿ ರೀಡನ್ನು ಬಗ್ಗಿಸಿ ಬಗ್ಗಿಸಿ ಸಾಕಾಗಿತ್ತು. "ನಾಳೇನೂ ಕೈಕೊಟ್ರೆ ಇನ್ಮೇಲೆ ಪ್ರಾರ್ಥನೆ ಮೊಬೈಲಲ್ಲೇ ಹಾಕೋಣ ಮೇಡಂ" ಎಂದು ನಿನ್ನೆಯಷ್ಟೇ ಹೇಳಿದ್ದರು ನಿಟ್ಟೂರು ಶಾಲೆಯ ಹೆಡ್‌ಮಾಸ್ಟರು.

"ಅತ್ತೆ, ಮುರ್ದೇ ಹೋಯ್ತು!" ಎಂದು ಕಿರುಚಿದಳು.

"ಅಯ್ಯೋ, ನಾನೆಷ್ಟು ಜೋಪಾನ ಮಾಡಿದ್ದೆ!" ಎಂದರು ಅಂಗಳದಿಂದ ನರಸಿಂಹಮ್ಮ. "ನಯವಾಗಿ ನುಡೀಲಿ ಅಂತ ದಿನಾ ಸಂಜೆ ಅದರ ತೂತಿಗೆಲ್ಲಾ ಎಣ್ಣೆ ಬುಡ್ತಿದ್ದೆ ಕಣಮ್ಮ. ತಡಿ, ಇವತ್ತು ಜಾಸ್ತಿ ಹಾಕ್ತೀನಿ. ಚಳಿಗೆ ಶೀಸೇಲಿ ಗಟ್ಟಿಯಾಗೈತೆ, ಬಿಸಿಲಿಗೆ ಇಟ್ಟಿದೀನಿ."

"ಯಾವ ಎಣ್ಣೆ?"

"ಇನ್ಯಾವ್ದು? ನಮ್ ತೋಟದ ಕೊಬ್ರಿ ಎಣ್ಣೆ."

ಇಷ್ಟು ದಿನ ತನ್ನ ಮೂಗಿಗೇನಾಗಿತ್ತು? ತಲೆಗೆ ಅದೇ, ಒಗ್ಗರಣೆಗೆ ಅದೇ. ಮನೆಯೆಲ್ಲ ಅದೇ ವಾಸನೆ. ಆಶಾರಾಣಿ ಅಂಗೈ ನೋಡಿಕೊಂಡಳು. ಮುರಿದ ರೀಡಿಗೆ ಅಂಟಿದ್ದ ಬೆಳ್ಳನೆಯ ಜಿಡ್ಡು ಅವಳ ಕೈಯ ಬಿಸಿಗೇ ಕರಗಿ ನೀರಾಗುತ್ತಿತ್ತು.