ಹಾಲು ಇಳಿಯದ ಮರ

"ವಿಷ, ಸೇಸಪ್ಪಣ್ಣ," ಎನ್ನುತ್ತಾ ಗೆಳೆಯ ತಾಹಿರ್ ತನ್ನ ಲ್ಯಾಬಿನ ವರದಿಯನ್ನು ಮೇಜಿನ ಮೇಲಿಟ್ಟ. "ಸ್ಟ್ರಿಕ್ನಿನ್. ಇದು ಪಾಲೆ ಮರದ ತೊಗಟೆ ಅಲ್ಲ, ಕಾಸರಕದ್ದು."

ತೊಂಬತ್ತರ ಜುಲೈ, ನಾಳೆ ಆಟಿ ಅಮಾವಾಸ್ಯೆ, ಊರಿನವರೆಲ್ಲ ಪಾಲೆ ತೊಗಟೆಯ ಕಹಿ ಕಷಾಯ ಕುಡಿಯುವ ದಿನ. ಸೇಸಪ್ಪ ಊರಿನಿಂದ ತಂದ ಆ ತೊಗಟೆಯನ್ನು, ವರದಿ ಬರುವ ಮೊದಲೇ, ಕೊಲ್ಲಿ ನಾಡಿನ ಖೈತಾನ್ ಪಟ್ಟಣದ ತನ್ನ ಅಡುಗೆಮನೆಯಲ್ಲಿ ಕಷಾಯಕ್ಕೆಂದು ನೆನೆಹಾಕಿದ್ದ. ಪಕ್ಕದಲ್ಲಿ ಮಗಳ ಪುಟ್ಟ ಲೋಟ, ಬಾಯಿ ಕಹಿಗೆ ಒಂದು ತುಂಡು ಬೆಲ್ಲ.

ತೊಗಟೆಯ ಕಟ್ಟು ಬಿಚ್ಚಿದ ದಿನವೇ ಹೆಂಡತಿ ಜಲಜಾ ಕೇಳಿದ್ದಳು: "ಕಲ್ಲಿನಿಂದ ಗುದ್ದಿ ತೆಗೆದಿರಾ? ಹಾಲು ಬಂತಾ? ಪಾಲೆಯಾದರೆ ಹಾಲು ಬರಬೇಕು. ಹಾಲು ಇಳಿಯದ ಮರವನ್ನು ಮುಟ್ಟಬಾರದು ಅಂತ ಅಜ್ಜಿ ಹೇಳ್ತಿದ್ರು." ಅವನು ನಕ್ಕಿದ್ದ. "ಕತ್ತಿ ಇರುವಾಗ ಕಲ್ಲು ಯಾಕೆ ಮಾರಾಯ್ತಿ? ನಿನ್ನ ಅಜ್ಜಿಕಥೆಯನ್ನು ತಾಹಿರನ ಲ್ಯಾಬಿಗೇ ಕಳಿಸುವ. ಆಮೇಲಾದರೂ ಬಾಯಿ ಮುಚ್ತೀಯಲ್ಲ?"

ಈಗ ಅವನು ವರದಿಯನ್ನು ತಿರುಗಿಸಿ ನೋಡಿದ. "ಮೆಷಿನು ತಪ್ಪಿರಬಹುದು."

ಜಲಜಾ ಪಾತ್ರೆಯನ್ನು ತಂದು ಅವನ ಮುಂದೆ ಕುಕ್ಕಿದಳು. ನೀರು ಅವನ ಅಂಗಿಗೆ ಸಿಡಿಯಿತು. ಮಗಳ ಲೋಟವನ್ನು ಅದರಲ್ಲಿ ಅದ್ದಿ, ತುಂಬಿಸಿ, ಅವನ ಕೈಗೆ ತುರುಕಿದಳು.

"ಹಾಗಾದರೆ ಮೊದಲು ನೀವು ಕುಡಿಯಿರಿ. ಇಲ್ಲವಾ, ಈಗಲಾದರೂ ಹೇಳಿ. ಹಾಲು ಬಂತಾ?"

ಸೇಸಪ್ಪ ಲೋಟವನ್ನು ಕೆಳಗಿಟ್ಟ. "ಏರ್‌ಪೋರ್ಟಿಗೆ ಟ್ಯಾಕ್ಸಿ ಕಾಯ್ತಿತ್ತು," ಎಂದ. "ನಾನು ನೋಡಲಿಲ್ಲ."