ಪರ್ಲ್ ನುಂಗಿದ ಚಕ್ರವರ್ತಿ

"ಈಗಲೇ ತೆಗೀಬೇಕು ಸಿಸ್ಟರ್. ಎರಡು ದಿನ ಕಾಯ್ಲಿಕ್ಕೆ ಆಗುದಿಲ್ಲ."

ಸ್ಯಾಮುವೆಲ್ ಇದನ್ನು ಹೇಳಿದ್ದು ನಾಲ್ಕನೆಯ ಸಲ. ನರ್ಸ್ ಬೆನೆಡಿಕ್ಟಾ ಎಕ್ಸ್‌ರೇಯನ್ನು ಮತ್ತೆ ಬೆಳಕಿಗೆ ಹಿಡಿದಳು. ಅವನ ನಾಲ್ಕು ವರ್ಷದ ಮಗಳು ಪರ್ಲ್‌ಳ ಹೊಟ್ಟೆಯಲ್ಲಿ ಒಂದು ಬಿಳಿ ಬಿಲ್ಲೆ. ರೋಮನ್ ಚಕ್ರವರ್ತಿಯ ಮುಖವಿರುವ, ಎರಡು ಸಾವಿರ ವರ್ಷ ಹಳೆಯ ಬೆಳ್ಳಿ ನಾಣ್ಯವಂತೆ.

ಆ ಕೊಲ್ಲಿ ದೇಶದ ಹವಲ್ಲಿ ಪೇಟೆಯಲ್ಲಿ ಸ್ಯಾಮುವೆಲನದು ಗಡಿಯಾರ ರಿಪೇರಿಯ ಅಂಗಡಿ. ಹಳೆಯ ನಾಣ್ಯಗಳನ್ನೂ ಮಾರುತ್ತಿದ್ದ. ಬೆಳಿಗ್ಗೆ ಗಿರಾಕಿಯ ಕಣ್ಣೆದುರೇ ಮಗು ಅದನ್ನು ಬಾಯಿಗೆ ಹಾಕಿಕೊಂಡಿತ್ತು. ಆ ಗಿರಾಕಿ, ಇಂಥ ಹನ್ನೊಂದು ನಾಣ್ಯ ಆಗಲೇ ಅವನಿಂದ ಕೊಂಡಿದ್ದ ಅಹ್ಮದಿ ಪಟ್ಟಣದ ಇಂಜಿನಿಯರ್ ರಾಜಗೋಪಾಲ, ತಮ್ಮ ಕಾರಿನಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ತಂದಿದ್ದರು.

ಬೆಳ್ಳಿಯಾದರೆ ಭಯವಿಲ್ಲ, ಎರಡು ದಿನದಲ್ಲಿ ತಾನಾಗಿ ಹೊರಗೆ ಬರುತ್ತದೆ ಎಂದು ಡಾಕ್ಟರ್ ಹೇಳಿಯಾಗಿತ್ತು.

"ನನಗೇನೂ ಅವಸರ ಇಲ್ಲ ಮಾರಾಯ," ಎಂದರು ರಾಜಗೋಪಾಲ. "ಒಂದು ನಾಣ್ಯಕ್ಕಾಗಿ ಮಗುವಿನ ಗಂಟಲಿಗೆ ಪೈಪ್ ಇಳಿಸ್ಬೇಡಿ."

ಸ್ಯಾಮುವೆಲ್ ಅವರ ಮುಖ ನೋಡಲಿಲ್ಲ. ಏಸಿಯ ತಂಪಿನಲ್ಲೂ ಬೆವರುತ್ತಿದ್ದ.

ಕೊಳ್ಳುವವನಿಗಿಲ್ಲದ ಅವಸರ ಮಾರುವವನಿಗೆ! ಬೆನೆಡಿಕ್ಟಾಳಿಗೆ ಮೈ ಉರಿಯಿತು. "ನಿಮಗೆ ಮಗು ದೊಡ್ಡದಾ, ನಾಣ್ಯ ದೊಡ್ಡದಾ?" ಊರಿನವನೆಂಬ ಸಲಿಗೆಯಲ್ಲಿ ಗದರಿದಳು.

ಅವನು ಡಾಕ್ಟರರ ಕೋಣೆಗೆ ನುಗ್ಗಿ ಬಾಗಿಲು ಮುಚ್ಚಿಕೊಂಡ. ಒಳಗೆ ಅರಬಿಯಲ್ಲಿ ಪಿಸುಮಾತು. ಮರುಕ್ಷಣವೇ ಡಾಕ್ಟರ್ ಹೊರಗೆ ಓಡಿ ಬಂದರು.

"ಯಲ್ಲಾ, ಯಲ್ಲಾ! ಮಗುವನ್ನು ಥಿಯೇಟರಿಗೆ ತನ್ನಿ!"

ಯಾರ ವಶೀಲಿ ಹಚ್ಚಿದನೋ ಎಂದುಕೊಳ್ಳುತ್ತ ಬೆನೆಡಿಕ್ಟಾ ಮಂಚ ತಳ್ಳಿದಳು. ಅಮಲಿನ ಮದ್ದಿಗೆ ಪರ್ಲ್‌ಳ ಪುಟ್ಟ ಬೆರಳುಗಳು ಅವಳ ಕೈಯಲ್ಲೇ ಸಡಿಲವಾದವು. ಸಿಕ್ಕಿದ ನಾಣ್ಯ ಇಕ್ಕಳದಿಂದ ಎರಡು ಸಲ ಜಾರಿತು. ಮೂರನೆಯ ಸಲ ಬಂತು.

"ಖಲಾಸ್," ಡಾಕ್ಟರ್ ಉಸಿರು ಬಿಟ್ಟರು. "ಇನ್ನು ಅಪಾಯವಿಲ್ಲ."

ಎಚ್ಚರಾದ ಪರ್ಲ್ ಗಂಟಲು ನೋವೆಂದು ಅತ್ತು, ಅಪ್ಪನ ಅಂಗಿ ಹಿಡಿದುಕೊಂಡಳು. ಬೆನೆಡಿಕ್ಟಾ ಬಟ್ಟೆಯಲ್ಲಿ ಸುತ್ತಿದ ನಾಣ್ಯವನ್ನು ಅವನ ಅಂಗೈಗೆ ಕುಕ್ಕಿದಳು.

"ತಗೊಳ್ಳಿ ನಿಮ್ಮ ಚಕ್ರವರ್ತಿಯನ್ನು. ಇನ್ನು ಮಾರಿಕೊಳ್ಳಿ."

ರಾಜಗೋಪಾಲ ನಗುತ್ತ ಕೈಚಾಚಿದರು. ಸ್ಯಾಮುವೆಲ್ ಕೊಡಲಿಲ್ಲ. ಮುಷ್ಟಿ ಬಿಗಿದು, ಮೊದಲ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟ.

"ಬೆಳ್ಳಿ ಬರೀ ಮೇಲೆ ಸಾರ್, ಒಳಗೆಲ್ಲ ಸೀಸ, ಹೊಟ್ಟೆಯಲ್ಲಿ ಕರಗಿದ್ರೆ ವಿಷ, ನಿಮಗೆ ಕೊಟ್ಟ ಹನ್ನೊಂದನ್ನೂ ನಾನೇ ಎರಕ ಹೊಯ್ದದ್ದು. ಪೊಲೀಸರನ್ನು ಆಮೇಲೆ ಕರೀರಿ, ಮೊದಲು ಮನೆಗೆ ಫೋನ್ ಮಾಡಿ, ನಿಮ್ಮ ಸಣ್ಣ ಮಗಳ ಕೈಗೆ ಸಿಗದ ಹಾಗೆ ಅವನ್ನು ಎತ್ತಿಡ್ಲಿಕ್ಕೆ ಹೇಳಿ."